ಹೆಪ್ಪಿಗೆ ಕಿವಿ ಇಲ್ಲ

ಕೊಪ್ಪ, ಹೊರಡುವ ಮೊದಲು

ಆರು ವರ್ಷದಿಂದ ಬಿಯರ್ ಮಾಡುವುದು ನನ್ನ ಹವ್ಯಾಸ. ಈ ಬೇಸಿಗೆಯವರೆಗೆ ಒಂದು ಲೋಟ ಬಿಯರನ್ನೂ ಮಾಡಿರಲಿಲ್ಲ. ಎರಡೂ ಮಾತು ನಿಜ. ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ತಯಾರಿಸಲು ನಮ್ಮ ಕಾನೂನು ಬಿಡುವುದಿಲ್ಲ. ನಾನೋ ಕೊಪ್ಪದ ಕೋರ್ಟಿನಲ್ಲಿ ಕರಿಕೋಟು ಹಾಕಿಕೊಂಡು ನಿಲ್ಲುವವಳು. ಹಾಗಾಗಿ ಬಾರ್ಲಿ ನೆನೆಸುತ್ತೇನೆ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುತ್ತೇನೆ, ಒಣಗಿಸಿ ಒಡೆದು ಬಿಸಿನೀರಿನಲ್ಲಿ ಅದರ ಸಿಹಿ ಇಳಿಸಿ, ಸೋಸಿ, ಹಾಪ್ಸ್ ಎಂಬ ಕಹಿ ಹೂವಿನ ಜೊತೆ ಕುದಿಸುತ್ತೇನೆ. ಅಲ್ಲಿಯವರೆಗೆ ಅದು ಕಷಾಯ. ಒಂದು ಚಮಚ ಯೀಸ್ಟ್ ಬಿದ್ದರೆ ಬಿಯರ್, ಜೊತೆಗೆ ಅಪರಾಧ. ಆ ಗೆರೆಯ ಈಚೆ ನಿಂತು ಒಲೆ ಆರಿಸುತ್ತೇನೆ. ಮುತ್ತಿನಕೊಪ್ಪದ ಮನೆಯಲ್ಲಿ ಅಮ್ಮ ಆ ಕಷಾಯಕ್ಕೆ ಹಾಲು ಬೆರೆಸಿ ಕುಡಿದು, "ಆ ಕಹಿ ಒಂದು ಹಾಕದಿದ್ರೆ ಚೆನ್ನಾಗಿರ್ತಿತ್ತು ಮಾರಾಯ್ತಿ" ಎನ್ನುತ್ತಾರೆ.

ಕುಡಿಯುವುದು ಬೇರೆ ವಿಷಯ, ಅದಕ್ಕೆ ಕಾನೂನಿನ ಅಡ್ಡಿಯಿಲ್ಲ. ಬೆಂಗಳೂರಿನಲ್ಲಿ ಲಾ ಓದುವಾಗ ಒಮ್ಮೆ, ಅಲ್ಲೇ ಬಿಯರ್ ತಯಾರಿಸಿ ಕೊಡುವ ಜಾಗವೊಂದಕ್ಕೆ ಚಿಕ್ಕಪ್ಪನ ಮಗನ ಜೊತೆ ಹೋಗಿದ್ದೆ. ರುಚಿ ನೋಡಲು ಆರು ಪುಟ್ಟ ಗ್ಲಾಸುಗಳ ತಟ್ಟೆ ಹೇಳಿದವಳು ನಾನು. ಸಪ್ಲೈಯರ್ ಅದನ್ನು ತಂದಿಟ್ಟದ್ದು ಅವನ ಮುಂದೆ, ಅವನ ನಿಂಬೆ ಸೋಡಾವನ್ನು ನನ್ನ ಮುಂದೆ. ಆ ತಟ್ಟೆಯನ್ನು ನನ್ನ ಕಡೆಗೆ ಎಳೆದುಕೊಂಡ ದಿನವೇ ನನ್ನ ಹವ್ಯಾಸ ಶುರುವಾದದ್ದು.

ನಾರ್ವೆಗೆ ಹೋದದ್ದು ಒಂದು ಜಗಳದಿಂದ. ಮನೆಯಲ್ಲಿ ಬಿಯರ್ ಮಾಡುವವರ ಹರಟೆಕಟ್ಟೆಯೊಂದು ಇಂಟರ್‌ನೆಟ್ಟಿನಲ್ಲಿದೆ. ಅಲ್ಲಿ ಮಾರಿಟ್ ಎಂಬ ನಾರ್ವೆಯ ಹೆಂಗಸು ಬರೆದಿದ್ದಳು: ವೊಸ್ ಎಂಬ ಊರಿನ ಹತ್ತಿರ ತನ್ನ ಅಪ್ಪ ಕ್ನುಟ್‌ರ ಹೊಲಮನೆಯಲ್ಲಿ, ಯೀಸ್ಟ್ ಹಾಕುವ ಗಳಿಗೆಯಲ್ಲಿ ಎಲ್ಲರೂ ಗಂಟಲು ಹರಿಯುವಂತೆ ಕೂಗುತ್ತಾರೆ. ಕೂಗದಿದ್ದರೆ ಬಿಯರ್ ಕೆಡುತ್ತದೆ. ನಾನು ಹೈಸ್ಕೂಲಿನಿಂದ ಚರ್ಚಾಸ್ಪರ್ಧೆಯ ವೇದಿಕೆಯಲ್ಲಿ ಬೆಳೆದವಳು. ಇಂಥದ್ದನ್ನು ಓದಿ ಸುಮ್ಮನಿರುವ ಶಿಕ್ಷಣ ನನಗಾಗಿಲ್ಲ. ನಾಲ್ಕು ಪ್ಯಾರಾ ಖಂಡನೆ ಬರೆದು, ಕೊನೆಗೆ "ಯೀಸ್ಟಿಗೆ ಕಿವಿ ಇಲ್ಲ" ಎಂದು ಮುಗಿಸಿದೆ. ಅವಳ ಉತ್ತರ ಒಂದೇ ಸಾಲು: "ಬಂದು, ಸುಮ್ಮನಿದ್ದು, ಮಾಡಿ ತೋರಿಸು."

ಇಂಥ ನಿಯಮದ ಜೊತೆ ನನಗೆ ಹಳೆಯ ವೈರ. ನಮ್ಮ ಮನೆಯಿಂದ ದೀಪ ಹಚ್ಚಿದ ಮೇಲೆ ಮೊಸರಿನ ಹೆಪ್ಪು ಹೊರಗೆ ಹೋಗುವುದಿಲ್ಲ. ಹನ್ನೆರಡನೇ ವಯಸ್ಸಿನಲ್ಲಿ ಒಂದು ಸಂಜೆ, ಪಕ್ಕದ ಮನೆಯವರಿಗೆ ಹಿಂದಿನ ಕಿಟಕಿಯಿಂದ ಹೆಪ್ಪು ಕೊಟ್ಟೆ. ಮರುದಿನ ಎರಡೂ ಮನೆಯ ಮೊಸರು ಗಟ್ಟಿಯಾಗಿಯೇ ಇತ್ತು. ಅದನ್ನು ಸಾಕ್ಷಿ ಸಮೇತ ಅಮ್ಮನ ಮುಂದೆ ಮಂಡಿಸಿದೆ. "ಸಾಕ್ಷಿ ಇರ್ಲಿ, ಕೊಟ್ಟ ಲೋಟ ವಾಪಸ್ ತಂದ್ಯಾ?" ಎಂದರು ಅಮ್ಮ.

ಬಿಯರ್ ಮಾಡಲು ನಾರ್ವೆಗೆ ಹೊರಟೆ ಎಂದು ತಿಳಿದು ದೊಡ್ಡಪ್ಪ ಮನೆಗೇ ಬಂದರು. ಹೆಣ್ಣು ಕೇಳಿಕೊಂಡು ಬಂದವರಿಗೆ ಏನು ಹೇಳುವುದು ಎಂಬುದು ಅವರ ಪ್ರಶ್ನೆ. ನಿಮ್ಮ ಅಳಿಯ ಕುಡಿಯುವುದನ್ನು ಹೇಗೆ ಹೇಳಿದಿರೋ ಹಾಗೇ ಹೇಳಿ, ಎಂದೆ. ಅವರಿಗೆ ನನ್ನ ಮೇಲೆ ಮೊದಲೇ ಒಂದು ಸಿಟ್ಟು ಇತ್ತು. ಅವರ ಮಗಳ ಮದುವೆಗೆ ಕಾಗದ ಹಿಡಿದು ಮನೆಮನೆ ಸುತ್ತುವುದು ದಂಡ, ವಾಟ್ಸಾಪಿನಲ್ಲಿ ಕಳಿಸಿದರಾಯಿತು ಎಂದು ವಾದಿಸಿ ಗೆದ್ದವಳು ನಾನು. ಕಡಹಿನಬೈಲಿನ ಅರ್ಧ ನೆಂಟರು ಮದುವೆಗೆ ಬರಲೇ ಇಲ್ಲ. ಕೇಳಿದರೆ "ನಮಗೆ ಹೇಳಿಕೆ ಆಗ್ಲಿಲ್ಲ" ಎಂದರು. ಫೋನಿನಲ್ಲಿ ನೀಲಿ ಗೆರೆ ಎರಡು ಬಿದ್ದಿದ್ದರೂ, ಬಾಗಿಲಿಗೆ ಬಂದು ಯಾರೂ ಕರೆಯಲಿಲ್ಲ ಎಂಬುದು ಅವರ ತಕರಾರು. ಎಷ್ಟೋ ಅನ್ನ ಉಳಿಯಿತು. ದೊಡ್ಡಪ್ಪ ಅದನ್ನು ಮರೆತಿಲ್ಲ.

ಕೋರ್ಟಿಗೆ ಬೇಸಿಗೆ ರಜೆ ಬಿದ್ದೊಡನೆ ಹೊರಟೆ.

ನಾರ್ವೆಯ ಬರ್ಗೆನ್, ಕಸ್ಟಮ್ಸ್ ಮೇಜು

ನನ್ನ ಚೀಲದಲ್ಲಿ ಮೊಳಕೆ ಕಟ್ಟಿ, ಒಣಗಿಸಿ, ತರಿತರಿಯಾಗಿ ಬೀಸಿದ ರಾಗಿ ಇತ್ತು. ಮೊದಲ ಬಿಯರ್ ಮಾಡುವುದಾದರೆ ಅದರಲ್ಲಿ ನಮ್ಮ ಕಡೆಯದೊಂದು ಇರಬೇಕು ಎಂಬ ಹಟ. ಕಂದು ಪುಡಿ, ಪ್ಲಾಸ್ಟಿಕ್ ಕವರು, ಒಬ್ಬಳೇ ಬಂದ ಹುಡುಗಿ: ತಡೆಯುತ್ತಾರೆ ಎಂದು ಗೊತ್ತಿತ್ತು. ವಿಮಾನದಲ್ಲಿ ಕೂತು ಐದು ನಿಮಿಷದ ಭಾಷಣ ಸಿದ್ಧಮಾಡಿದ್ದೆ. ಇದನ್ನು ನಮ್ಮಲ್ಲಿ ಹಸುಗೂಸಿಗೆ ಕುಡಿಸುತ್ತಾರೆ ಎಂದು ಶುರುಮಾಡಿ, ಧಾನ್ಯಗಳ ನಡುವೆ ಭೇದ ಎಣಿಸುವುದು ಸಲ್ಲದು ಎಂದು ಮುಗಿಸುವ ಭಾಷಣ.

ಮೇಜಿನ ಹಿಂದಿದ್ದ ಅಧಿಕಾರಿ ಕವರು ಬಿಚ್ಚಿ ಮೂಸಿ, ಒಂದೇ ಪ್ರಶ್ನೆ ಕೇಳಿದ. ಹಾಲಿನ ಪದಾರ್ಥ ಏನಾದರೂ ಇದೆಯಾ? ಇಲ್ಲ ಎಂದೆ, ಗಟ್ಟಿಯಾಗಿ. ಆತ ಚೀಲದ ಪಕ್ಕದ ಜೇಬಿಗೆ ಕೈಹಾಕಿ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ತುಪ್ಪದ ಬಾಟಲಿ ಹೊರತೆಗೆದ. ಅಮ್ಮ ನನಗೆ ಹೇಳದೆ ಇಟ್ಟದ್ದು. ವಕೀಲಿ ಶುರುಮಾಡಿದ ಮೇಲೆ ನಾನೇ ಸುಳ್ಳುಸಾಕ್ಷಿಯಾಗಿ ನಿಂತದ್ದು ಅದೇ ಮೊದಲು. ತುಪ್ಪ ಅವರ ಬುಟ್ಟಿಗೆ ಹೋಯಿತು, ರಾಗಿ ನನ್ನ ಜೊತೆ ಬಂತು, ಭಾಷಣ ಹಾಗೇ ಉಳಿಯಿತು.

ವೊಸ್, ಕ್ನುಟ್‌ರ ಹಂಡೆ

ಕ್ನುಟ್‌ರಿಗೆ ಎಪ್ಪತ್ತು ದಾಟಿದೆ. ಉದ್ದ, ತೆಳ್ಳಗೆ, ಮಾತು ಕಡಿಮೆ. ಇಂಗ್ಲಿಷ್ ಅಷ್ಟಾಗಿ ಬಾರದು, ಮಾರಿಟ್ ದುಭಾಷಿ. ಸರೋವರದ ದಂಡೆಯಲ್ಲಿ ಅವರ ಮನೆ, ಆಚೆ ದಡದಲ್ಲಿ ನಾಲ್ಕು ಮನೆ, ಅವುಗಳ ಹಿಂದೆ ಗೋಡೆಯಂಥ ಬೆಟ್ಟ. ಬಿಯರ್ ಮಾಡುವ ಕೊಟ್ಟಿಗೆಗೆ ಕಾಲಿಟ್ಟರೆ ನನಗೆ ನಗು ಬಂತು. ಸೌದೆ ಒಲೆಯ ಮೇಲೆ ಕೂತಿದ್ದದ್ದು ನಮ್ಮ ಬಚ್ಚಲಿನ ತಾಮ್ರದ ಹಂಡೆಯೇ. ಅದರಲ್ಲಿ ಜುನಿಪರ್ ಎಂಬ ಮುಳ್ಳೆಲೆಯ ಕಾಡುಗಿಡದ ಕೊಂಬೆಗಳನ್ನು ಕುದಿಸುತ್ತಿದ್ದರು. ಬಾಣಂತಿಗೆ ಸೊಪ್ಪು ಹಾಕಿ ನೀರು ಕಾಸಿದ ಹಾಗಿತ್ತು ವಾಸನೆ.

ಅಲ್ಲಿ ಪ್ಯಾಕೆಟ್ಟಿನ ಯೀಸ್ಟ್ ಇಲ್ಲ. ಕ್ನುಟ್‌ರ ಅಜ್ಜನ ಕಾಲದಿಂದ ಹಿಂದಿನ ಸಲದ ಬಿಯರಿನ ತಳದಿಂದ ತೆಗೆದಿಟ್ಟದ್ದನ್ನೇ ಮುಂದಿನ ಸಲಕ್ಕೆ ಹಾಕುತ್ತಾರೆ. ಕೆಟ್ಟರೆ ನೆರೆಮನೆಯಿಂದ ತರುತ್ತಾರೆ. ಇದು ಹೆಪ್ಪಲ್ಲದೆ ಮತ್ತೇನು? ಮಾರಿಟ್‌ಗೆ ಆ ಮಾತು ಕಲಿಸಿದೆ. ಅವಳು "ಹೆಪ್ಪು, ಹೆಪ್ಪು" ಎಂದು ದಿನವಿಡೀ ಹೇಳಿಕೊಂಡು ಓಡಾಡಿದಳು.

ನನಗೆ ಆ ಹೆಪ್ಪು ಬೇಕಿತ್ತು. ಒಣಗಿಸಿದರೆ ವರ್ಷಗಟ್ಟಲೆ ಉಳಿಯುತ್ತದೆ, ಮತ್ತು ಬರೀ ಹೆಪ್ಪು ಇಟ್ಟುಕೊಳ್ಳುವುದನ್ನು ತಡೆಯುವ ಕಾನೂನು ನನಗೆ ತಿಳಿದಂತೆ ಇಲ್ಲ. ಕೇಳಿದೆ. ಕ್ನುಟ್ ತಲೆಯಾಡಿಸಿದರು: ಕೊಡುತ್ತೇನೆ, ಆದರೆ ಈ ಮನೆಯ ಹೆಪ್ಪು ಕೂಗಿದವರಿಗೆ ಮಾತ್ರ. ಒಂದು ಸಲ ಕೂಗು, ತೆಗೆದುಕೊಂಡು ಹೋಗು.

ಎಷ್ಟು ಸುಲಭ ನೋಡಿ. ಬಾಯಿ ತೆರೆದರೆ ಮುಗಿಯಿತು. ಜೋರು ಗಂಟಲಿಗೇ ಬಹುಮಾನ ಹೊಡೆದವಳು ನಾನು. ಆದರೆ ನಂಬದ್ದನ್ನು ಮಾಡಿ ಪಡೆದರೆ, ಆ ಹೆಪ್ಪು ನೋಡಿದಾಗಲೆಲ್ಲ ಸೋತ ವಾದವೇ ಕಾಣುತ್ತದೆ. ಕೂಗುವುದಿಲ್ಲ ಎಂದೆ. ಕೂಗದೆ ಮಾಡಿದ ಬಿಯರ್ ಚೆನ್ನಾಗಿದ್ದರೆ?

ಕ್ನುಟ್ ಯೋಚಿಸಿ ಹೇಳಿದರು, "ಆಚೆ ದಡದ ಸಿಗ್ರಿಡ್ ಎರಡನೇ ಸಲ ಲೋಟ ಚಾಚಿದರೆ ಹೆಪ್ಪು ನಿನ್ನದು."

ಮೊದಲ ಸುತ್ತು

ದೊಡ್ಡ ಹಂಡೆಯಲ್ಲಿ ಅವರದ್ದು, ಸಣ್ಣ ಪಾತ್ರೆಯಲ್ಲಿ ನನ್ನದು, ರಾಗಿ ಸೇರಿಸಿದ್ದು. ಬೆಳಗಿನಿಂದ ಕುದಿಸಿ, ಆರಿಸುವ ಹೊತ್ತಿಗೆ ನಮ್ಮಿಬ್ಬರಿಗೆ ಜಗಳ ಬಿತ್ತು. ಕ್ನುಟ್ ಬೆರಳು ಅದ್ದಿ, ಆಗಷ್ಟೇ ಕರೆದ ಹಾಲಿನಷ್ಟು ಬಿಸಿ ಇರಬೇಕು ಎಂದರು. ನಾನು ಓದಿದ ಅಷ್ಟೂ ಪುಸ್ತಕಗಳ ಪ್ರಕಾರ ಇಪ್ಪತ್ತು ಡಿಗ್ರಿ. ಬೆರಳನ್ನು ಅಳತೆಗೋಲು ಎಂದು ಒಪ್ಪಲಾರೆ ಎಂದು ಹೇಳಿ, ಪಾತ್ರೆಯನ್ನು ತೊರೆಯ ನೀರಿನಲ್ಲಿಟ್ಟು ಥರ್ಮಾಮೀಟರ್ ಇಪ್ಪತ್ತು ತೋರಿಸುವವರೆಗೆ ಕಾದೆ.

ಮಾರಿಟ್ ಕೊಟ್ಟಿಗೆಯ ಬಾಗಿಲು ಅಗಲ ತೆರೆದಳು. ಚಳಿಗಾಳಿ ಒಳನುಗ್ಗಿತು. ಬಾಗಿಲು ಯಾಕೆ ಎಂದು ಕೇಳಿದರೆ ಕ್ನುಟ್, "ಅಪ್ಪ ತೆರೆಯುತ್ತಿದ್ದರು" ಎಂದರು. ಹೆಪ್ಪು ಸುರಿದರು. ಅಪ್ಪ ಮಗಳು ಸೇರಿ ಕೂಗಿದರು ನೋಡಿ: ಪದವಿಲ್ಲ, ಅರ್ಥವಿಲ್ಲ, ಗದ್ದೆಗೆ ಹಂದಿ ಬಂದಾಗ ನಮ್ಮ ಕಡೆ ಹಾಕುವಂಥ ಬೊಬ್ಬೆ. ಅದು ಬೆಟ್ಟಕ್ಕೆ ಬಡಿದು ವಾಪಸ್ ಬಂತು. ಮಾತೇ ಆಡದ ಆ ಮನುಷ್ಯನಲ್ಲಿ ಅಷ್ಟು ಧ್ವನಿ ಎಲ್ಲಿತ್ತೋ. ನಾನು ತುಟಿ ಬಿಗಿಹಿಡಿದು ನನ್ನ ಪಾತ್ರೆಗೆ ಹೆಪ್ಪು ಹಾಕಿದೆ.

ಬೆಳಗ್ಗೆ ಎದ್ದರೆ ಅವರ ಹಂಡೆಯಲ್ಲಿ ನೊರೆ ಉಕ್ಕುತ್ತಿತ್ತು. ನನ್ನದು ಕೆರೆಯ ಹಾಗೆ ಮಲಗಿತ್ತು. ಕ್ನುಟ್ ಚುಚ್ಚಿ ಮಾತಾಡಿದ್ದರೆ ಉತ್ತರ ಕೊಡಬಹುದಿತ್ತು. ಅಮ್ಮನಿಗೆ ಫೋನ್ ಮಾಡಿದೆ.

"ಹಾಕಾಕೆ ಮುಂಚೆ ಬೆರಳು ಅದ್ದಿ ನೋಡಿದ್ಯಾ?"

"ಥರ್ಮಾಮೀಟರ್ ಇತ್ತಮ್ಮ. ಇಪ್ಪತ್ತು."

"ಅಂದ್ರೆ ತಣ್ಣಗಾಗಿತ್ತು. ತಣ್ಣನೆ ಹಾಲಿಗೆ ಯಾರು ಹೆಪ್ಪು ಹಾಕ್ತಾರೆ ಮಾರಾಯ್ತಿ? ಇಷ್ಟು ವರ್ಷ ನಮ್ಮನೇಲಿ ಎಂತ ನೋಡ್ದಿ?"

ಪ್ಯಾಕೆಟ್ ಯೀಸ್ಟಿಗೆ ಬರೆದ ಪುಸ್ತಕದ ಮಾತನ್ನು ಹಳೇ ಮನೆಯ ಹೆಪ್ಪಿಗೆ ಅನ್ವಯಿಸಿದ್ದೆ. ಉಗುರು ಬೆಚ್ಚಗಿನ ಹಾಲು ನೋಡಿಕೊಂಡೇ ಬೆಳೆದವಳು, ಬೆರಳನ್ನು ನಂಬಬಾರದು ಎಂಬ ಜಂಬಕ್ಕೆ ಬೆರಳನ್ನೇ ಅದ್ದಲಿಲ್ಲ. ಪಾತ್ರೆಗೆ ಉಣ್ಣೆ ಕಂಬಳಿ ಸುತ್ತಿ ಒಲೆಯ ಪಕ್ಕ ಇಟ್ಟೆ, ಚಳಿಗಾಲದಲ್ಲಿ ಅಮ್ಮ ಮೊಸರಿನ ಪಾತ್ರೆಗೆ ಮಾಡುವ ಹಾಗೆ. ಮರುದಿನ ಒಂದಿಷ್ಟು ಗುಳ್ಳೆ ಬಂತು.

ಮೂರನೇ ದಿನ ಸಂಜೆ ಆಚೆ ದಡದ ನಾಲ್ಕು ಮನೆಯವರೂ ತಮ್ಮ ತಮ್ಮ ಲೋಟ ಹಿಡಿದುಕೊಂಡು ಬಂದರು. ಯಾರೂ ಕರೆದಿರಲಿಲ್ಲ. ಹೇಗೆ ಗೊತ್ತಾಯಿತು ಎಂದರೆ ಮಾರಿಟ್, ಅವರು ಯಾವಾಗಲೂ ಬರುತ್ತಾರೆ ಎಂದಳು. ಅಲ್ಲಿ ಬಿಯರನ್ನು ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ. ಇಷ್ಟವಾದರೆ ಮತ್ತೆ ಲೋಟ ಚಾಚುತ್ತಾರೆ. ಇಲ್ಲದಿದ್ದರೆ ಅದನ್ನು ಬೆಂಚಿನ ಮೇಲೆ ಬೋರಲು ಹಾಕಿ ಹವೆಯ ವಿಷಯ ಎತ್ತುತ್ತಾರೆ. ಕ್ನುಟ್‌ರ ಬಿಯರಿಗೆ ಮೂರು ಸಲ ಲೋಟ ಚಾಚಿದರು. ನನ್ನದನ್ನು ಸಿಗ್ರಿಡ್ ಒಂದು ಗುಟುಕು ಕುಡಿದರು. ಎಂಬತ್ತರ ಹತ್ತಿರದ, ಚೂಪು ಕಣ್ಣಿನ ಹೆಂಗಸು. ಲೋಟ ಬೋರಲು ಹಾಕಿ, ಈ ವಾರ ಮಳೆ ಇಲ್ಲ ಎಂದರು.

ನಾನು ಎದ್ದು ನಿಂತೆ. ಕ್ನುಟ್‌ರ ಪಾತ್ರೆಗೂ ನನ್ನ ಪಾತ್ರೆಗೂ ವ್ಯತ್ಯಾಸ ಒಂದಲ್ಲ, ಎರಡು. ಕೂಗಿದ್ದು ಒಂದು, ಬಿಸಿ ಇದ್ದದ್ದು ಇನ್ನೊಂದು. ಸೋತದ್ದು ನನ್ನ ಥರ್ಮಾಮೀಟರು, ಮೌನವಲ್ಲ. ಇನ್ನೊಮ್ಮೆ ಮಾಡಲು ಬಿಡಿ ಎಂದೆ. ಮಾರಿಟ್ ಅದನ್ನು ಅನುವಾದಿಸಲು ತುಂಬ ಹೊತ್ತು ತೆಗೆದುಕೊಂಡಳು. ಕ್ನುಟ್ ಸೌದೆ ತರಲು ಹೋದರು. ಅದು ಒಪ್ಪಿಗೆ.

ಎರಡನೇ ಸುತ್ತು

ಈ ಸಲ ಹಂಡೆ ಪೂರ್ತಿ ನನ್ನದು. ಸೌದೆ ಒಟ್ಟಿದ್ದು, ರಾಗಿ ನೆನೆಸಿದ್ದು, ಜುನಿಪರ್ ಕೊಂಬೆಗಳ ಮೇಲೆ ಸೋಸಿದ್ದು, ಎಲ್ಲ ನಾನೇ. ಬೆರಳು ಅದ್ದಿದೆ. ಉಗುರು ಬೆಚ್ಚಗೆ. ಥರ್ಮಾಮೀಟರ್ ಹಾಕಿ ನೋಡಿದರೆ ನಲವತ್ತರ ಹತ್ತಿರ. ಅಮ್ಮನ ಬೆರಳಿಗೆ ದಾಖಲೆ ಸಿಕ್ಕಿತು. ಬಾಗಿಲು ಮುಚ್ಚಿದೆ, ಹೆಪ್ಪಿಗೆ ಚಳಿಗಾಳಿ ಯಾಕೆ? ಕ್ನುಟ್ ಸೌದೆಮನೆಗೆ ಹೋಗಿ ಕೂತರು. ಒಳಗಿದ್ದರೆ ಬಾಯಿ ತಡೆಯಲಾರೆ ಎಂದು ಮಾರಿಟ್‌ಗೆ ಹೇಳಿದರಂತೆ. ಹೆಪ್ಪು ಸುರಿದೆ. ಅದು ಬೀಳುವ ಸದ್ದು ಕೇಳುವಷ್ಟು ನಿಶ್ಶಬ್ದ.

ಬೆಳಗ್ಗೆ ನೊರೆ ಮುಚ್ಚಳವನ್ನೇ ಎತ್ತಿತ್ತು. ಕೊಟ್ಟಿಗೆ ತುಂಬ ಹೇರಳೆಕಾಯಿ ಸಿಪ್ಪೆ ಸುಲಿದ ಪರಿಮಳ, ಅದರಡಿಯಲ್ಲಿ ಹುರಿದ ರಾಗಿಯದ್ದು. ಆರು ವರ್ಷ ನಾನು ದಾಟದ ಗೆರೆಯ ಆಚೆ ಇದ್ದದ್ದು ಇದು. ಕ್ನುಟ್ ಬಂದು ನೋಡಿದರು, ಮೂಸಿದರು, ಮುಚ್ಚಳ ಸರಿಮಾಡಿಟ್ಟು ಹೋದರು.

ಮೂರನೇ ದಿನ ಬೆಂಚುಗಳನ್ನು ಹೊರಗೆ ಹಾಕಿದೆ. ನಾಲ್ಕು ಗಂಟೆಯಾಯಿತು, ಐದಾಯಿತು. ಯಾರೂ ಬರಲಿಲ್ಲ. ಮರುದಿನ ಬೆಳಗ್ಗೆ ನನ್ನ ರೈಲು. ಹಂಡೆ ತುಂಬ ಒಳ್ಳೆಯ ಬಿಯರು, ತೀರ್ಪು ಕೊಡುವವರೇ ಇಲ್ಲ. ಇದು ಬಹಿಷ್ಕಾರವೇ ಎಂದು ಮಾರಿಟ್‌ಳನ್ನು ಕೇಳಿದೆ. ಅವಳಿಗೂ ಆಶ್ಚರ್ಯವಾಗಿತ್ತು. ಫೋನಿನಲ್ಲಿ ನಾಲ್ಕೂ ಮನೆಗೆ ಕಳಿಸಿದಳು: ಬಿಯರ್ ಆಗಿದೆ, ಬನ್ನಿ. ಎಲ್ಲರೂ ನೋಡಿದ ಗುರುತು ಬಿತ್ತು. ಉತ್ತರ ಒಂದೂ ಇಲ್ಲ. ಕ್ನುಟ್ ಮೆಲ್ಲಗೆ, ಈಗಲೂ ಕೂಗಬಹುದು, ಹೆಪ್ಪು ಕೊಡುತ್ತೇನೆ ಎಂದರು. ಅಣಕಿಸಲಿಲ್ಲ, ನಿಜಕ್ಕೂ ಕೊಡುವ ಮನಸ್ಸೇ ಇತ್ತು. ಅದಕ್ಕೇ ನನಗೆ ಇನ್ನಷ್ಟು ಹಟ ಬಂತು.

ನಾನು ನೋಡುತ್ತಿದ್ದದ್ದು ಮಾರಿಟ್‌ಳ ಫೋನನ್ನು. ನೋಡಿದ ಗುರುತು, ಮೌನ. ಕಡಹಿನಬೈಲಿನ ನೆಂಟರು. ಎಲ್ಲಿ ನೋಡಿದ್ದೆ ಇದನ್ನು ಎಂದು ಕೇಳಿಕೊಳ್ಳುವ ಅಗತ್ಯವೇ ಬೀಳಲಿಲ್ಲ.

ನಾಲ್ಕು ಮನೆ

ಕೂದಲು ಬಾಚಿಕೊಂಡು, ಒಗೆದ ಅಂಗಿ ಹಾಕಿಕೊಂಡು ಹೊರಟೆ. ಹೇಳಿಕೆಗೆ ಹೋಗುವವರು ಕೆಲಸದ ಬಟ್ಟೆಯಲ್ಲಿ ಹೋಗುವುದಿಲ್ಲ. ಅಷ್ಟು ನನಗೂ ಗೊತ್ತು. ಮಾರಿಟ್ ಹಿಂದೆ ಓಡಿಬಂದಳು. ಆರು ಗಂಟೆ ದಾಟಿದ್ದರೂ ಬಿಸಿಲು. ಆ ಕಾಲದಲ್ಲಿ ಅಲ್ಲಿ ರಾತ್ರಿ ಹತ್ತಾದರೂ ದೀಪ ಹಚ್ಚುವ ಹೊತ್ತು ಬರುವುದಿಲ್ಲ. ಅಮ್ಮನ ನಿಯಮ ಆ ಊರಿನಲ್ಲಿ ಹುಟ್ಟುತ್ತಲೇ ಇರಲಿಲ್ಲ ಎಂದುಕೊಂಡು ಸರೋವರ ಸುತ್ತಿ ನಡೆದೆ.

ಮೊದಲ ಬಾಗಿಲು ಸಿಗ್ರಿಡ್‌ರದ್ದು. ಕೆಂಪು ಅಂಗಿ ಹಾಕಿ, ಸಿದ್ಧರಾಗಿಯೇ ಕೂತಂತಿದ್ದರು. ಬಿಯರ್ ಆಗಿದೆ, ನೀವು ಬರಬೇಕು, ಮನೆಯವರೆಲ್ಲ ಬರಬೇಕು ಎಂದು ದೊಡ್ಡಪ್ಪ ಹೇಳುವ ಧಾಟಿಯಲ್ಲೇ ಹೇಳಿದೆ. ಆಮೇಲೆ ತಡೆಯಲಾರದೆ ಕೇಳಿದೆ: ಮೆಸೇಜ್ ನೋಡಿದಿರಲ್ಲ, ಯಾಕೆ ಬರಲಿಲ್ಲ?

"ಫೋನಿಗೆ ಏನೇನೋ ಬರುತ್ತದೆ," ಎಂದರು ಸಿಗ್ರಿಡ್. "ಕೂಗು ಕೇಳಲಿಲ್ಲವಲ್ಲ. ಕೂಗು ಕೇಳಿದ ದಿನದಿಂದ ನಾವು ಮೂರು ದಿನ ಎಣಿಸುತ್ತೇವೆ. ಹೊಗೆ ನೋಡಿ ನಾನಾಗಿಯೇ ಬಂದರೆ, ಬಿಯರ್ ಬೇಡಲು ಬಂದ ಹಾಗೆ."

ಕೂಗು ಆಚೆ ದಡ ಮುಟ್ಟಲೆಂದೇ ಬಾಗಿಲು ತೆರೆಯುವುದು ಎಂದು ಕ್ನುಟ್‌ರ ಅಪ್ಪನಿಗೆ ಗೊತ್ತಿತ್ತು. ಮಗನಿಗೆ ಬಾಗಿಲು ಮಾತ್ರ ಉಳಿದಿತ್ತು. ಮಾರಿಟ್ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಉಳಿದ ಮೂರು ಮನೆಗೂ ಹೋದೆವು. ಎಲ್ಲ ಕಡೆ ಬಾಗಿಲು ತೆರೆದವರು ಗಾಬರಿಯಾದರು; ಅಲ್ಲಿ ಹೇಳದೆ ಕೇಳದೆ ಬಾಗಿಲು ತಟ್ಟುವವರು ಕಡಿಮೆ. ಕಡೆಯ ಮನೆಯಲ್ಲಿ ಕೂತು ಕಾಫಿಯನ್ನೂ ಕುಡಿಯಬೇಕಾಯಿತು. ಹೇಳಿಕೆಗೆ ಹೋದವರಿಗೆ ಅದೂ ತಪ್ಪಿದ್ದಲ್ಲ.

ನಾಲ್ಕೂ ಮನೆಯವರು ಬಂದರು. ಸಿಗ್ರಿಡ್ ಮೊದಲ ಗುಟುಕು ಬಾಯಲ್ಲಿಟ್ಟುಕೊಂಡು ಸರೋವರ ನೋಡಿದರು. ಮೆಲ್ಲಗೆ ಲೋಟ ಖಾಲಿ ಮಾಡಿದರು. ಚರ್ಚಾಸ್ಪರ್ಧೆಯಲ್ಲಿ ಸಮಯ ಮುಗಿಯಿತೆಂದು ಗಂಟೆ ಹೊಡೆಯುವ ಮುಂಚಿನ ಕ್ಷಣ ನನಗೆ ಚೆನ್ನಾಗಿ ಗೊತ್ತು. ಇದು ಅದಕ್ಕಿಂತ ಉದ್ದವಿತ್ತು. ಅವರು ಬೆಂಚಿನ ಕಡೆ ಬಾಗಿದರು. ಹವೆಯ ವಿಷಯ ಬಂತು ಎಂದುಕೊಂಡೆ. ಬೆಂಚಿನ ಮೇಲಿದ್ದ ಊರುಗೋಲು ತೆಗೆದುಕೊಂಡು, ಎದ್ದು, ಹಂಡೆಯ ಹತ್ತಿರ ತಾವೇ ಬಂದು ಲೋಟ ಚಾಚಿದರು.

ಕ್ನುಟ್ ನನ್ನನ್ನೇ ನೋಡುತ್ತಿದ್ದರು. "ನೀನೂ ಕೂಗಿದೆ," ಎಂದರು, "ಬಾಯಲ್ಲಿ ಅಲ್ಲ, ಕಾಲಲ್ಲಿ."

ಒಪ್ಪಿಕೊಂಡು ನಕ್ಕಿದ್ದರೆ ಎಲ್ಲರಿಗೂ ಖುಷಿಯಾಗುತ್ತಿತ್ತು. ಆದರೆ ಅದು ನಿಜವಲ್ಲ.

"ಇಲ್ಲ," ಎಂದೆ. "ನಾನು ನಡೆದದ್ದು ಬಿಯರ್ ಆದ ಮೇಲೆ. ಹೆಪ್ಪಿಗೆ ಕಿವಿ ಇಲ್ಲ. ಸಿಗ್ರಿಡ್ ಅವರಿಗೆ ಇದೆ. ನೀವು ಕೂಗಿ, ಬೇಡ ಅನ್ನುವುದಿಲ್ಲ. ಯಾರಿಗೆ ಕೂಗುತ್ತಿದ್ದೀರಿ ಅಂತ ಗೊತ್ತಿಟ್ಟುಕೊಂಡು ಕೂಗಿ."

ಮಾರಿಟ್ ಅನುವಾದಿಸಿದಳು. ಮೊದಲು ನಕ್ಕದ್ದು ಸಿಗ್ರಿಡ್. ಕ್ನುಟ್ ನಗಲಿಲ್ಲ. ಒಳಗೆ ಹೋಗಿ, ಕಾಗದದ ಮೇಲೆ ಒಣಗಿಸಿದ ಹೆಪ್ಪಿನ ಹಪ್ಪಳದಂಥ ಚೂರುಗಳನ್ನು ಲಕೋಟೆಗೆ ತುಂಬಿ ತಂದು ಕೈಗಿಟ್ಟರು. ಒಣಗಲು ದಿನಗಟ್ಟಲೆ ಬೇಕು. ಅಂದರೆ ಅದನ್ನು ಮೊದಲ ಸುತ್ತಿನಲ್ಲಿ ನಾನು ಸೋತ ದಿನವೇ ಹರಡಿಟ್ಟಿರಬೇಕು. ಕೇಳಲಿಲ್ಲ. ನನಗೂ ಕೆಲವು ಪ್ರಶ್ನೆ ಬಿಡಲು ಬರುತ್ತದೆ.

ಕೊಪ್ಪ, ಮತ್ತೆ

ಲಕೋಟೆ ಈಗ ಮುತ್ತಿನಕೊಪ್ಪದ ಮನೆಯ ಫ್ರಿಜ್ಜಿನಲ್ಲಿ ಅಮ್ಮನ ಮೊಸರಿನ ಪಕ್ಕ ಇದೆ. ನಾನು ಮತ್ತೆ ಕಷಾಯದವರೆಗೆ ಬಂದು ಒಲೆ ಆರಿಸುತ್ತಿದ್ದೇನೆ. ಮನೆ ಬಳಕೆಗೆ, ಮಾರಾಟಕ್ಕಲ್ಲದೆ ಒಂದು ಹಂಡೆ ಬಿಯರ್ ಮಾಡಿಕೊಳ್ಳಲು ಯಾಕೆ ಬಿಡಬಾರದು ಎಂದು ಕಾರಣ ಕೇಳಿ ಸರ್ಕಾರಕ್ಕೆ ಅರ್ಜಿ ಬರೆದಿದ್ದೇನೆ. ಕಾರಣ ಇರಬಹುದು. ಇದ್ದರೆ ಹೇಳಲಿ, ಅದಕ್ಕೂ ಉತ್ತರ ಬರೆಯುತ್ತೇನೆ. ಮೊದಲಿನಿಂದಲೂ ಹೀಗೇ ಎನ್ನುವುದು ಮಾತ್ರ ಕಾರಣವಲ್ಲ. ದೊಡ್ಡಪ್ಪನ ಹತ್ತಿರವೂ ಹೋಗಿದ್ದೆ. ಮದುವೆಯ ವಿಷಯದಲ್ಲಿ ತಪ್ಪು ನನ್ನದು ಎಂದೆ. ಬಿಯರಿನ ವಿಷಯದಲ್ಲಿ ಅಲ್ಲ ಎಂದೂ ಸೇರಿಸಿದೆ.

ಮೊನ್ನೆ ಸಂಜೆ ಅಮ್ಮ ದೀಪ ಹಚ್ಚಿ ಒಳಗೆ ಬರುವ ಹೊತ್ತಿಗೆ ಪಕ್ಕದ ಮನೆಯ ಹೊಸ ಸೊಸೆ ಲೋಟ ಹಿಡಿದು ಅಂಗಳದಲ್ಲಿ ನಿಂತಿದ್ದಳು. ಹೆಪ್ಪಿಗೆ. ನಾನು ಅಮ್ಮನನ್ನು ಕೇಳಿದೆ, ವಾದಕ್ಕಲ್ಲ, ತಿಳಿಯಲು: ದೀಪ ಹಚ್ಚಿದ ಮೇಲೆ ಯಾಕೆ ಕೊಡಬಾರದು? ಇದು ಯಾರಿಗಾಗಿ ಮಾಡಿದ್ದು?

"ನಮ್ಮತ್ತೆ ಕೊಡ್ತಿರ್ಲಿಲ್ಲ," ಎಂದರು ಅಮ್ಮ. "ಅವ್ರಿಗೆ ಯಾಕೆ ಅಂತ ನಾ ಕೇಳ್ಲಿಲ್ಲ."

ಈ ನಿಯಮಕ್ಕೂ ಎಲ್ಲೋ ಒಬ್ಬ ಸಿಗ್ರಿಡ್ ಇರಬಹುದು. ಮೆಣಸೆಯಲ್ಲಿರುವ ಅಜ್ಜಿಯ ತಂಗಿಯನ್ನು ಕೇಳುವುದಿದೆ, ಇನ್ನೂ ನಾಲ್ಕು ಜನರನ್ನು ಕೇಳುವುದಿದೆ. ಸಿಕ್ಕಿದ ದಿನ ಒಪ್ಪಿಕೊಳ್ಳುತ್ತೇನೆ. ಅಲ್ಲಿಯವರೆಗೆ ಕೇಳಿದವರಿಗೆ ಹೆಪ್ಪು ಕೊಡುತ್ತೇನೆ. ಆ ಹುಡುಗಿಯ ಲೋಟ ತೆಗೆದುಕೊಂಡು ಒಳಗೆ ಹೋದೆ, ಎರಡು ಚಮಚ ಹಾಕಿದೆ. ಅಮ್ಮ ನೋಡುತ್ತಲೇ ಇದ್ದರು, ತಡೆಯಲಿಲ್ಲ. ಹನ್ನೆರಡನೇ ವಯಸ್ಸಿನಲ್ಲಿ ಹಿಂದಿನ ಕಿಟಕಿಯಿಂದ ಕೊಟ್ಟಿದ್ದೆ. ಈ ಸಲ ಮುಂಬಾಗಿಲಿನಿಂದ, ದೀಪದ ಮುಂದೆಯೇ ದಾಟಿಕೊಂಡು ಹೋಗಿ ಕೊಟ್ಟೆ.